ನರ್ಸಬಾಯಿಯ ಪಾಠಕ್ಕೆ ಬಂದ ಪ್ರಶ್ನೆ

ಎಂಬತ್ತರ ದಶಕದಲ್ಲಿ, ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ, ನವಲಗುಂದ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಯಾವ ವರ್ಷವೆಂದು ಆಣೆ ಮಾಡಿ ಹೇಳಲಾರೆ. ಒಂಬತ್ತನೆಯ ಇಯತ್ತೆಯವರಿಗೆ ಮೈ ಬೆಳೆಯುವ ಬಗ್ಗೆ ತಿಳಿಸಲು ಸರಕಾರಿ ದವಾಖಾನೆಯ ನರ್ಸಬಾಯಿಯನ್ನು ಕರೆಸಿದ್ದೆವು. ಹುಡುಗರೂ ಕೂತು ಕೇಳಲಿ ಎಂದು ಹಟ ಹಿಡಿದವರು ಅವರೇ.

ಪರಗಂಡಸು ಮುಟ್ಟಲು ಬಂದರೆ ಬೇಡವೆನ್ನಬೇಕು, ಮನೆಯಲ್ಲಿ ಹೇಳಬೇಕು ಎಂದು ಅವರು ಪಾಠ ಮುಗಿಸುವಾಗ ಒಬ್ಬ ಹುಡುಗಿ ಎದ್ದು ನಿಂತಳು.

"ಸ್ವಾದರಮಾವ ಪರಗಂಡಸ ಏನ್ರಿ, ಬಾಯಾರ?"

ವರ್ಗವೆಲ್ಲ ನಕ್ಕಿತು. ಲಗ್ನದ ಊಟ ಯಾವಾಗ ಎಂದು ಹಿಂದಿನಿಂದ ಯಾರೋ ಕೇಳಿದರು. ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮ ಮಾಡಿಕೊಳ್ಳುವುದು ಹೊಸದಲ್ಲ. ಅವನು ಜಡೆ ಎಳೆದರೂ ಕೈ ಹಿಡಿದರೂ ಅದಕ್ಕೆ ಚಾಷ್ಟಿ ಎಂದೇ ಹೆಸರು. ನಾನು ನಗಲಿಲ್ಲವೆಂದು ನನ್ನ ನೆನಪು ಹೇಳುತ್ತದೆ. ಆ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ.

ಹುಡುಗಿ ಮಾತ್ರ ಕೂಡಲಿಲ್ಲ. ನರ್ಸಬಾಯಿ ಅವಳ ಹತ್ತಿರ ಹೋದರು.

"ನಿನಗ ಬ್ಯಾಡಂದ್ರ ಮಾವನೂ ಮುಟ್ಟಂಗಿಲ್ಲವ್ವಾ. ನಾಳೆ ಲಗ್ನ ಆದ್ರೂ ಅಷ್ಟ."

ಆಮೇಲೆ ಅವಳೊಬ್ಬಳನ್ನೇ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಏನು ಕೇಳಿದರು, ಅವಳೇನು ಹೇಳಿದಳು ಎಂದು ನಮಗೆ ತಿಳಿಸಲಿಲ್ಲ. ದಿನಾ ಸಂಜೆ ಸೈಕಲ್ ತಂದು ನಿಲ್ಲುವ ಮಾವನ ಜೊತೆ ಇವಳನ್ನು ಕಳಿಸಬೇಡಿ ಎಂದು ಹೆಡ್‌ಮಾಸ್ತರರಿಗೆ ಹೇಳಿ, ಅಂದು ತಾವೇ ಮನೆ ಮುಟ್ಟಿಸಿದರು.

ಮರುದಿನ ತಾಯಿ ಬಂದು ಅಂಗಳದಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ ಬೈದಳು. ಮಾವ ಅಂದ ಮೇಲೆ ಚಾಷ್ಟಿ ಮಾಡುತ್ತಾನೆ, ಸಾಲಿಯಲ್ಲಿ ಇಂಥದ್ದು ಕಲಿಸುವುದಾದರೆ ಮಗಳನ್ನು ಬಿಡಿಸುತ್ತೇನೆ ಎಂದಳು. ಹೆಡ್‌ಮಾಸ್ತರರು ಕೈ ಮುಗಿದು, ಇನ್ನು ನರ್ಸಬಾಯಿಯನ್ನು ಕರೆಸುವುದಿಲ್ಲವೆಂದರು. ಕರೆಸಲೂ ಇಲ್ಲ.

ಗೇಟಿನವರೆಗೆ ಹೋದ ತಾಯಿ ತಿರುಗಿ ಬಂದಳು. ಸೆರಗನ್ನು ಬಾಯಿಗೆ ಹಿಡಿದು, ಹೆಡ್‌ಮಾಸ್ತರರಿಗೂ ಪಕ್ಕದಲ್ಲಿದ್ದ ನನಗೂ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು:

"ಆಕಿ ಸಾಲಿಗೆ ಬರ್ಲಿರಿ. ಗಂಟಿ ಹೊಡ್ಯೂ ಮುಂಚೆ ನಾನ ಬಂದು ಕರ್ಕೊಂಡು ಹೋಗ್ತೀನಿ. ಅಂವ ನನ್ನ ಬೆನ್ನಿಗೆ ಬಿದ್ದ ತಮ್ಮರಿ. ಮಂದಿ ಮುಂದ ಏನಂತ ಹೇಳ್ಲಿ?"

ಇಷ್ಟು ವರ್ಷ ನೆನೆದು ನೆನೆದು ಈ ಮಾತನ್ನು ನಾನೇ ತಿದ್ದಿರಬಹುದು. ಆದರೆ ಅವಳು ಬರುತ್ತಿದ್ದುದು ನಿಜ. ಹತ್ತಿ ಬಿಡಿಸುವ ಕೆಲಸ ಅರ್ಧಕ್ಕೆ ಬಿಟ್ಟು, ಸೀರೆಗೆ ಅಂಟಿದ ಅರಳೆಯನ್ನೂ ಕೊಡವದೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಲಗ್ನದ ಮಾತು ಏನಾಯಿತೆಂದು ತಿಳಿಯುವ ಮೊದಲೇ ನನಗೆ ವರ್ಗವಾಯಿತು.