ಒಂದು ರಾತ್ರಿ ವಿಶ್ರಾಂತಿ ಪಡೆದ ಫ್ರಿಜ್ಜು

ಹುಟ್ಟಿದ್ದಕ್ಕೆಲ್ಲ ಒಂದು ಕೊನೆಯಿದೆ. ಅದು ಯಾವಾಗ ಎಂಬುದು ಮಾತ್ರ ಯಾರಿಗೂ ತಿಳಿಯದು. ನೀರು ಬೆರೆಸಿದ ಇಂಜೆಕ್ಷನ್ನಿನದು ನನಗೆ ತಿಳಿದಿರುತ್ತದೆ. ಅದನ್ನು ಬಾಲ್‌ಪೆನ್ನಿನಲ್ಲಿ ಬರೆದು ಅಂಟಿಸುವವನು ನಾನೇ.

ಸೊರಬದ ಸಣ್ಣದೊಂದು ಆಸ್ಪತ್ರೆಯ ಔಷಧಿ ಕೋಣೆ ನನ್ನದು. ಹೋದ ವರ್ಷ ಆಯುಧಪೂಜೆಯ ಸಂಜೆ, ಜಡೆ ಊರಿನ, ರಕ್ತಕ್ಕೆ ನಂಜೇರಿದ ಹಸುಗೂಸೊಂದಕ್ಕೆ ಪುಡಿ ಇಂಜೆಕ್ಷನ್ ಕಲಸಿದೆ. ಅಷ್ಟು ಸಣ್ಣ ಜೀವಕ್ಕೆ ಬಾಟಲಿಯಲ್ಲಿ ಒಂದು ಪಾಲು ಸಾಕು. ಉಳಿದದ್ದು ಬೆಳಗಿನ ಡೋಸಿಗೆ. ಕಲಸಿದ ಮೇಲೆ ಅದು ಫ್ರಿಜ್ಜಿನಲ್ಲಾದರೆ ಒಂದು ದಿನ ತಡೆಯುತ್ತದೆ, ಹೊರಗಾದರೆ ಕೆಲವೇ ಗಂಟೆ. ದಾಸ್ತಾನಿನಲ್ಲಿ ಅದೇ ಕೊನೆಯ ಬಾಟಲಿ. ಚೀಟಿ ಅಂಟಿಸಿ ಒಳಗಿಟ್ಟು ಮನೆಗೆ ಹೋದೆ.

ಬೆಳಿಗ್ಗೆ ಬಂದಾಗ ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಮೈಮೇಲೆ ವಿಭೂತಿ, ಕುಂಕುಮ, ಹಿಡಿಗೆ ಚೆಂಡುಹೂ, ಕಾಲ ಬಳಿ ಕೊಯ್ದ ನಿಂಬೆಹಣ್ಣು. ಆದರೆ ಬಾಗಿಲ ಸಂದಿಯಿಂದ ನೀರು ಜಿನುಗಿ, ಕುಂಕುಮದ ಕೆಂಪು ಗೆರೆಗಳು ನೆಲದವರೆಗೂ ಹರಿದು ಒಣಗಿದ್ದವು. ಬಾಗಿಲು ತೆಗೆದೆ. ಮೇಲಿನ ಖಾನೆಯ ಒರಟು ಹಿಮವೆಲ್ಲ ಮಾಯವಾಗಿ, ತಳದಲ್ಲಿ ಕನ್ನಡಿಯಂಥ ಹೊಸ ಮಂಜುಗಡ್ಡೆ ಕಟ್ಟಿತ್ತು. ಅದರೊಳಗಿಂದ ನನ್ನ ಮುಖ ನನ್ನನ್ನೇ ನೋಡಿತು.

ಬಾಟಲಿ ತಣ್ಣಗೇ ಇತ್ತು. ಚೀಟಿಯೂ ನನ್ನದೇ ಅಕ್ಷರದಲ್ಲಿ, ಇನ್ನೂ ಆಯಸ್ಸಿದೆ ಎನ್ನುತ್ತಿತ್ತು.

ಈಸೂರು ಕಡೆಯ ಆಯಾ ನೆಲ ಒರೆಸುತ್ತಿದ್ದಳು. "ರಾತ್ರಿ ಕರೆಂಟ್ ಹೋಗಿತ್ತೇನವ್ವಾ?" ಎಂದೆ.

"ಇಲ್ರೀ ಸಾರ್, ನಾನ ಫ್ರಿಜ್ ಆರಿಸಿದ್ದೆ. ಪೂಜಿ ಆದ್ಮ್ಯಾಲೆ ಆಯುಧಕ್ಕ ಕೆಲಸ ಹಚ್ಚಬಾರ್ದಲ್ರೀ. ನಿಮ್ಮ ಕತ್ರಿಗೂ ರೆಸ್ಟ್ ಕೊಟ್ಟೀನಿ. ಕೋಳಿ ಕೂಗೋ ಹೊತ್ತಿಗೆ ಮತ್ತ ಹಚ್ಚೀನಿ. ಮುಟ್ಟಿ ನೋಡ್ರಿ, ಹೆಂಗ ತಣ್ಣಗೈತಿ!"

"ಮತ್ತೆ ನೀನ್ಯಾಕೆ ರೆಸ್ಟ್ ತಗೊಳ್ಲಿಲ್ಲ?"

"ನನಗ್ಯಾರು ಪೂಜಿ ಮಾಡ್ಯಾರ್ರೀ?"

ಬಾಟಲಿಯನ್ನು ಕೈಗೆತ್ತಿಕೊಂಡೆ.

ಅಷ್ಟರಲ್ಲಿ ಮಗುವಿನ ಅಜ್ಜಿ ಬಾಗಿಲಿಗೆ ಬಂದಳು. "ಟೈಮಾಯ್ತಂತೆ, ಕೊಡಿ. ಮಗು ಅಳ್ತಾನೂ ಇಲ್ಲ ಮಾರಾಯ್ರೆ."

ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಎಳೆಯಿಲ್ಲ, ಕಣವಿಲ್ಲ.

"ತೀರ್ಥ ಇದ್ದ ಹಾಗಿದೆ" ಎಂದಳು ಅಜ್ಜಿ.

ನನ್ನನ್ನು ಹೆದರಿಸಿದ್ದೂ ಅದೇ. ಕೆಟ್ಟ ಹಾಲು ಒಡೆದು ತೋರಿಸುತ್ತದೆ, ಹಳಸಿದ ಅನ್ನ ನೂಲು ಬಿಟ್ಟು ಹೇಳುತ್ತದೆ. ಇದು ಏನನ್ನೂ ಹೇಳುವುದಿಲ್ಲ. ಸೂಜಿ ಹೊಕ್ಕು ಬಂದ ರಬ್ಬರ್ ಮುಚ್ಚಳದ ಕೆಳಗೆ, ರಾತ್ರಿಯ ಬಿಸುಪಿನಲ್ಲಿ, ಏನೋ ಹುಟ್ಟಿ ಸಂಸಾರ ಹೂಡಿರಬಹುದು. ಏನೂ ಹುಟ್ಟದೆ, ಮದ್ದಿನ ಕಸುವಷ್ಟೇ ಸತ್ತಿರಲೂಬಹುದು. ಹೇಗಿದ್ದರೂ ಅದು ಹೀಗೆಯೇ ಹೊಳೆಯುತ್ತದೆ.

"ಇದು ಬೇಡಮ್ಮ" ಎಂದು ಅವಳೆದುರೇ ಕಸದ ಡಬ್ಬಿಗೆ ಹಾಕಿದೆ.

"ಅಯ್ಯೋ! ಇರೋದೇ ಅದೊಂದಲ್ವನ್ರೀ?"

ಹೌದು. ಅಂದು ವಿಜಯದಶಮಿ, ಊರಿನ ಮೆಡಿಕಲ್ ಶಾಪುಗಳು ಹೂ ಮುಡಿದು ಬಾಗಿಲು ಹಾಕಿದ್ದವು. ಡಾಕ್ಟರಿಗೆ ತಿಳಿಸಿದೆ, ಹೇಗಾದರೂ ಹೊಸದು ತರಿಸಿ ಎಂದರು. ಫೋನ್ ಮಾಡಿದಾಗ ಶಿರಾಳಕೊಪ್ಪದ ಪರಿಚಯದ ಅಂಗಡಿಯವರು ಷಟರ್ ಎತ್ತಿ, ಸೊರಬದ ಬಸ್ಸಿನ ಕಂಡಕ್ಟರ್ ಕೈಗೆ ಪುಡಿಯ ಬಾಟಲಿಗಳನ್ನು ಕೊಟ್ಟರು. ಅಜ್ಜಿ ನನ್ನ ಬಾಗಿಲಲ್ಲೇ ಕುಳಿತಳು, ನನ್ನ ಕಡೆ ನೋಡದೆ. ಫ್ರಿಜ್ಜು ಏನೂ ಆಗದ ಹಾಗೆ ಹಾಡುತ್ತಿತ್ತು. ವಾರ್ಡಿನಿಂದ ಸದ್ದಿಲ್ಲ. ಸದ್ದಿರಬೇಕಾದಲ್ಲಿ ಇಲ್ಲ, ಬೇಡವಾದಲ್ಲಿ ಇದೆ ಎಂದುಕೊಳ್ಳುತ್ತ ನಿಂತೆ.

ಬಾಳೆಕಂದು ಕಟ್ಟಿಕೊಂಡ ಬಸ್ಸು ಬಂತು. ಓಡಿಹೋಗಿ ತಂದು ಕಲಸಿದೆ.

ಎಸೆದ ಬಾಟಲಿಯಲ್ಲಿ ಏನಿತ್ತೆಂದು ಯಾರೂ ಪರೀಕ್ಷಿಸಲಿಲ್ಲ. ಡೋಸು ತಡವಾಗಿ ಬಿತ್ತು. ಮಗು ಗುಣವಾಗಿ ಜಡೆಗೆ ಹೋಯಿತು.