ಮುಕ್ತ ಮಾರುಕಟ್ಟೆಯ ಕಾರ್ಯದರ್ಶಿ

ನಮ್ಮ ಕಾರ್ಯದರ್ಶಿಗಳ ಬಲಗೈಯ ತೋರುಬೆರಳು ಅರ್ಧವೇ ಇತ್ತು. ಚಿಕ್ಕಂದಿನಲ್ಲಿ ಮನೆಯ ಅಕ್ಕಿ ಗಿರಣಿಯ ಬೆಲ್ಟಿಗೆ ಸಿಕ್ಕಿ ತುಂಡಾದದ್ದಂತೆ. ಭಾಷಣ ಮಾಡುವಾಗ ಅವರು ಆ ಮೋಟು ಬೆರಳನ್ನೇ ಎತ್ತಿ ತೋರಿಸುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತವರು ನಗು ತಡೆಯಲು ಕರವಸ್ತ್ರ ಹುಡುಕುತ್ತಿದ್ದರು. ಅವರಿಗೆ ಇದು ಗೊತ್ತಿತ್ತು. ಆದರೂ ಕೈ ಬದಲಿಸಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ನಾನು ಅವರ ಬಳಿ ಟೈಪಿಸ್ಟ್ ಆಗಿ ಸೇರಿದೆ. ಮಂಗಳೂರಿನ ಬಲ್ಮಠದಲ್ಲಿ ಔಷಧದ ಅಂಗಡಿಯೊಂದರ ಮೇಲೆ, ಮರದ ಮೆಟ್ಟಿಲು ಹತ್ತಿ ಹೋಗಬೇಕಾದ ಕೋಣೆ. ಊರಿನ ಕೆಲವು ಉದ್ಯಮಿಗಳು ಸೇರಿ ಅಲ್ಲೊಂದು ವಿಚಾರ ವೇದಿಕೆ ನಡೆಸುತ್ತಿದ್ದರು. ವ್ಯಾಪಾರದಲ್ಲಿ ಸರಕಾರ ಕೈ ಹಾಕಬಾರದು, ಲೈಸೆನ್ಸು ಪರ್ಮಿಟುಗಳು ತೊಲಗಬೇಕು ಎನ್ನುವುದು ಅದರ ನಿಲುವು. ವಿಧಾನಸಭೆಗೆ ಮಸೂದೆ ಬಂದರೆ ಕಾರ್ಯದರ್ಶಿಗಳು ತರಿಸಿ ಓದಿ, ಅದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಸರಳ ಕನ್ನಡದಲ್ಲಿ ಬರೆದು ಶಾಸಕರಿಗೂ ಪತ್ರಿಕೆಗಳಿಗೂ ಕಳಿಸುತ್ತಿದ್ದರು. ಬಹುಪಾಲು ಶಾಸಕರು ಓದುತ್ತಿರಲಿಲ್ಲ. ಇವರು ಬರೆಯುವುದನ್ನು ಬಿಡುತ್ತಿರಲಿಲ್ಲ.

ಅವರದು ದೊಡ್ಡ ಜಮೀನಿನ ಮನೆತನ. ಭೂಸುಧಾರಣೆಯಲ್ಲಿ ಗದ್ದೆಗಳೆಲ್ಲ ಗೇಣಿದಾರರಿಗೆ ಹೋಗಿದ್ದವು. "ಭೂಮಿ ಹೋದ ಹೊಟ್ಟೆಉರಿ, ಅದಕ್ಕೇ ಸರಕಾರವನ್ನು ಬೈಯುವುದು" ಎಂದು ಊರವರು ಆಡಿಕೊಳ್ಳುತ್ತಿದ್ದರು. ನಾನೂ ಮೊದಲು ಹಾಗೆಯೇ ಅಂದುಕೊಂಡಿದ್ದೆ. ನಾವು ಕಡಲ ಮಕ್ಕಳು. ಜಮೀನಿನವರ ಆದರ್ಶವನ್ನು ಸುಲಭಕ್ಕೆ ನಂಬುವವರಲ್ಲ. ಒಮ್ಮೆ ಅಮ್ಮ ಮೀನು ಮಾರಿ ಬರುವಾಗ ಆಫೀಸಿಗೆ ಬಂದು, ಅವರನ್ನು ಕಂಡವಳೇ ಸೆರಗು ಸರಿಮಾಡಿಕೊಂಡು "ಧನಿಗಳೇ" ಎಂದಳು.

"ಇಲ್ಲಿ ಧನಿ ಯಾರೂ ಇಲ್ಲ ಮಾರಾಯ್ತಿ. ಕುರ್ಚಿ ಉಂಟು, ಕೂತ್ಕೊಳ್ಳಿ" ಎಂದರು ಅವರು.

ಅಮ್ಮ ಕೂರಲಿಲ್ಲ. ಅವಳು ನಿಂತೇ ಇದ್ದುದರಿಂದ ಅವರೂ ಕೂರಲಿಲ್ಲ. ಇಬ್ಬರೂ ಹಾಗೆ ನಿಂತುಕೊಂಡೇ ಬಂಗುಡೆ ಮೀನಿನ ದರ ಮಾತಾಡಿದರು.

ಅವರ ಒಂದು ಮಾತು ನಮ್ಮ ಕರಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತಿತ್ತು: "ಪರ್ಮಿಟ್ ಎಂದರೆ ಒಳಗಿದ್ದವನಿಗೆ ಬಾಗಿಲು, ಹೊರಗಿದ್ದವನಿಗೆ ಗೋಡೆ." ವೇದಿಕೆಯ ಅಧ್ಯಕ್ಷರಿಗೆ ಆ ಮಾತು ಬಹಳ ಇಷ್ಟ. ಅವರಿಗೆ ಜಿಲ್ಲೆಯ ತುಂಬ ಬಸ್ಸುಗಳಿದ್ದವು, ಫಳ್ನೀರಿನಲ್ಲಿ ಹೋಟೆಲಿತ್ತು. ಆ ಕಾಲದಲ್ಲಿ ನಮ್ಮ ಕಡೆಯ ಬಸ್ ಮಾರ್ಗಗಳನ್ನೂ ಸರಕಾರವೇ ವಹಿಸಿಕೊಳ್ಳುತ್ತದೆ ಎಂಬ ಸುದ್ದಿ ಹಬ್ಬಿತು. ಕಾರ್ಯದರ್ಶಿಗಳು ಊಟ ನಿದ್ರೆ ಬಿಟ್ಟು ಮನವಿ ಬರೆದರು, ಬೆಂಗಳೂರಿಗೆ ಅಲೆದರು, ಮಂತ್ರಿಗಳ ಬಾಗಿಲಲ್ಲಿ ಕಾದರು. ಕೊನೆಗೆ ಸರಕಾರ ಆ ಯೋಚನೆಯನ್ನು ಕೈಬಿಟ್ಟಿತು. ಬಸ್ ಮಾಲಕರೆಲ್ಲ ಸೇರಿ ಅವರಿಗೆ ಹಾರ ಹಾಕಿದರು, ಶಾಲು ಹೊದಿಸಿದರು. ಅಧ್ಯಕ್ಷರು ಮೈಕಿನ ಮುಂದೆ ಹೇಳಿದರು: "ಪೈಪೋಟಿ ಇರ್ಲಿ. ಪೈಪೋಟಿ ಇದ್ರೆ ಪ್ರಯಾಣಿಕನೇ ರಾಜ."

ಮರುವರ್ಷ ನನ್ನ ಅಣ್ಣ ಅದನ್ನು ನಂಬಿಬಿಟ್ಟ.

ಆಗ ಮೀನು ಮಾರುವ ಹೆಂಗಸರನ್ನು ಬಸ್ಸಿಗೆ ಹತ್ತಿಸುತ್ತಿರಲಿಲ್ಲ. ಬುಟ್ಟಿ ಕಂಡರೆ ಕಂಡಕ್ಟರು ಸೀಟಿ ಊದುತ್ತಿದ್ದ. ಎರಡು ಮೂರು ಬಸ್ಸು ಬಿಟ್ಟು ಹೋದರೆ ಮೀನು ಮೆತ್ತಗಾಗಿ, ಸಿಕ್ಕಿದ ಬೆಲೆಗೆ ಕೊಟ್ಟು ಬರಬೇಕು. ಲಾರಿ ಓಡಿಸುತ್ತಿದ್ದ ಅಣ್ಣ ನೆಂಟರ ನೆರವಿನಿಂದ ಹಳೆಯ ಬಸ್ಸೊಂದನ್ನು ಕೊಂಡು, ಹಿಂದಿನ ಸೀಟುಗಳನ್ನು ಕಿತ್ತು ಬುಟ್ಟಿಗಳಿಗೆ ಜಾಗ ಮಾಡಿಸಿದ. ಬೆಳಿಗ್ಗೆ ಮೀನಿನ ದೋಣಿಗಳು ಬರುವ ದಕ್ಕೆಯಿಂದ ಬಂಟ್ವಾಳದ ಕಡೆಗೆ ಓಡಿಸುವುದಕ್ಕೆ ಪರ್ಮಿಟ್ ಕೇಳಿ ಅರ್ಜಿ ಹಾಕಿದ. ಆ ದಾರಿಯ ಮಾಲಕರೆಲ್ಲ ಆಕ್ಷೇಪ ಸಲ್ಲಿಸಿದರು. 'ಅನಾರೋಗ್ಯಕರ ಪೈಪೋಟಿ' ಉಂಟಾಗುತ್ತದಂತೆ. ಮೊದಲನೆಯ ಸಹಿ ನಮ್ಮ ಅಧ್ಯಕ್ಷರದು.

ಊರಿನ ಯಾವ ವಕೀಲರೂ ಮಾಲಕರ ವಿರುದ್ಧ ನಿಲ್ಲಲು ಒಪ್ಪಲಿಲ್ಲ. ನಾನು ಆಫೀಸಿನಲ್ಲಿ ಬಾಯಿ ಬಿಡಲಿಲ್ಲ. ಕಾರ್ಯದರ್ಶಿಗಳೇ ಒಂದು ದಿನ ಕೇಳಿದರು.

"ನಿನ್ನ ಅಣ್ಣನ ಅರ್ಜಿಗೆ ತಕರಾರು ಬಂದಿದೆಯಂತೆ. ನನಗೆ ಯಾಕೆ ಹೇಳ್ಲಿಲ್ಲ?"

"ತಕರಾರು ಅಧ್ಯಕ್ಷರದ್ದೇ ಸರ್."

"ಅಣ್ಣನನ್ನು ನಾಳೆ ಬರ್ಲಿಕ್ಕೆ ಹೇಳು" ಎಂದರು. ಅವರು ವಕೀಲಿ ಓದಿದವರು. ಕೋರ್ಟಿಗೆ ಹೋಗುವುದನ್ನು ಬಿಟ್ಟು ವರ್ಷಗಳಾಗಿದ್ದವು. ಹಳೆಯ ಕಪ್ಪು ಕೋಟನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದರು.

ಸುದ್ದಿ ತಿಳಿದ ಅಧ್ಯಕ್ಷರು ಮೆಟ್ಟಿಲು ಹತ್ತಿ ಬಂದರು. ನಾನು ಟೈಪು ಮಾಡುವುದನ್ನು ನಿಲ್ಲಿಸಿದೆ.

"ಎಂತ ಮಾರಾಯ್ರೇ, ನೀವು ಯಾರ ಪರ?"

"ಹೋದ ವರ್ಷ ಯಾರ ಪರ ಇದ್ದೆನೋ ಅವರ ಪರವೇ."

"ಹೋದ ವರ್ಷ ನಮ್ಮ ಪರ ಇದ್ರಿ."

"ಇಲ್ಲ. ಹೋದ ವರ್ಷ ನೀವು ನನ್ನ ಪರ ಇದ್ರಿ."

ಅಧ್ಯಕ್ಷರು ನಕ್ಕರು. "ನೋಡಿ, ಸರಕಾರ ಬೇರೆ, ನಮ್ಮ ಬಸ್ಸಿನ ಲೈನು ಬೇರೆ. ಭಾಷಣದ್ದನ್ನು ರಸ್ತೆಗೆ ತರ್ಬೇಡಿ."

ವಿಚಾರಣೆಯ ದಿನ ಸಾರಿಗೆ ಪ್ರಾಧಿಕಾರದ ಮುಂದೆ ಕಾರ್ಯದರ್ಶಿಗಳು ಬೇರೆ ವಾದವನ್ನೇ ಹೂಡಲಿಲ್ಲ. ಪೈಪೋಟಿಯ ಬಗ್ಗೆ ಅಧ್ಯಕ್ಷರು ಮೈಕಿನಲ್ಲಿ ಆಡಿದ ಮಾತುಗಳನ್ನೇ ಒಂದೊಂದಾಗಿ ಹೇಳಿ, "ಇದು ನಿಮ್ಮದೇ ಮಾತು ಹೌದಾ, ಅಲ್ವಾ?" ಎಂದು ಎದುರಿಗಿದ್ದ ಅವರನ್ನೇ ಕೇಳಿದರು. ಸಭೆಯಲ್ಲಿ ನಗು ಎದ್ದಿತು. ಅಧಿಕಾರಿಗಳೂ ನಕ್ಕರು. ನಗುತ್ತಲೇ, ಆ ದಾರಿಗೆ ಇರುವ ಬಸ್ಸುಗಳೇ ಸಾಕು ಎಂದು ಅಣ್ಣನ ಅರ್ಜಿ ತಳ್ಳಿಹಾಕಿದರು. ಮೇಲ್ಮನವಿ ಎಳೆಯುತ್ತ ಹೋಯಿತು. ಅಷ್ಟರಲ್ಲಿ ಕಡಲ ಗಾಳಿಗೆ ನಮ್ಮ ಮನೆಯ ಎದುರು ನಿಂತಿದ್ದ ಬಸ್ಸು ತುಕ್ಕು ಹಿಡಿದು ಗುಜರಿಗೆ ಹೋಯಿತು. ಅಣ್ಣ ಅಧ್ಯಕ್ಷರ ಬಸ್ಸಿಗೇ ಡ್ರೈವರಾಗಿ ಸೇರಿದ. "ಹೊಟ್ಟೆ ಕೇಳ್ಬೇಕಲ್ಲ" ಎಂದ, ನನ್ನ ಮುಖ ನೋಡದೆ.

ವೇದಿಕೆಯ ಮುಂದಿನ ಸಭೆಯಲ್ಲಿ ಕಾರ್ಯದರ್ಶಿಗಳನ್ನು ತೆಗೆದರು. ಅವರು ಬರೆದ ಕರಪತ್ರಗಳಿಂದ ಹೊಟ್ಟೆ ತುಂಬಿಸಿಕೊಂಡವರಲ್ಲಿ ಒಬ್ಬರೂ ಕೈ ಎತ್ತಿ 'ಬೇಡ' ಎನ್ನಲಿಲ್ಲ. ಮರುದಿನ ನಾವು ಹೋದಾಗ ಬಾಗಿಲಿಗೆ ಹೊಸ ಬೀಗ, ಅವರ ಪುಸ್ತಕಗಳು ಮೆಟ್ಟಿಲ ಮೇಲೆ. ನಾವಿಬ್ಬರೂ ಅವುಗಳನ್ನು ಹೊತ್ತು ಅತ್ತಾವರದ ಅವರ ಬಾಡಿಗೆ ಕೋಣೆಗೆ ಸಾಗಿಸಿದೆವು. ಆ ಕೋಣೆಗೆ ಕೆಲವು ದಿನಗಳ ಬಳಿಕ ಕಾರ್ಮಿಕ ಸಂಘದ ನಾಯಕರೊಬ್ಬರು ಬಂದರು. "ಈಗಲಾದ್ರೂ ಗೊತ್ತಾಯ್ತಲ್ಲ ಬಂಡವಾಳಗಾರರು ಎಂತವರು ಅಂತ? ನಮ್ಮ ಕಡೆ ಬನ್ನಿ" ಎಂದು ಕರೆದರು. ಇವರು ಅವರಿಗೆ ಚಹಾ ಮಾಡಿ ಕೊಟ್ಟು, "ಮೋಸ ಮಾಡಿದ್ದು ಮಾಲಕರು ಮಾರಾಯ್ರೇ, ಮಾರುಕಟ್ಟೆ ಅಲ್ಲ" ಎಂದರು.

ಅದು ಸರಿಯೋ, ಬರೀ ಹಟವೋ, ನನಗೆ ಇವತ್ತಿಗೂ ತಿಳಿಯದು. ಮಾಲಕರಿಲ್ಲದ ಮಾರುಕಟ್ಟೆಯನ್ನು ನಾನಂತೂ ಕಂಡಿಲ್ಲ. ಆದರೆ ಕಾಯ್ದೆಯ ಒಂದು ಸಾಲನ್ನು ಓದಿ, ಅದರ ಹಿಂದೆ ಯಾರು ನಿಂತಿದ್ದಾರೆ ಎಂದು ನೋಡುವುದನ್ನು ಕಲಿಸಿದವರು ಅವರು. ಕೆಲಸ ಕಳೆದುಕೊಂಡ ನನ್ನನ್ನು ಆ ಕೋಣೆಯಲ್ಲೇ ಕೂರಿಸಿ ಶೀಘ್ರಲಿಪಿ ಪರೀಕ್ಷೆಗೆ ತಯಾರು ಮಾಡಿದರು. ಕೋರ್ಟಿನಲ್ಲಿ ನೌಕರಿ ಸಿಕ್ಕಿತೆಂದು ಹೇಳಲು ಹೋದಾಗ, ಜೀವನವಿಡೀ ಸರಕಾರವನ್ನು ಬೈದ ಮನುಷ್ಯ ಹೇಳಿದ್ದು ಇಷ್ಟು: "ಹೋಗು. ಅಲ್ಲಿ ಒಬ್ಬಳಾದ್ರೂ ಓದಿ ಟೈಪು ಮಾಡುವವಳು ಇರ್ಲಿ."

ಪರ್ಮಿಟ್ ಕಾಯ್ದೆ ಸಡಿಲವಾಗುವುದನ್ನು ನೋಡಲು ಅವರು ಉಳಿಯಲಿಲ್ಲ. ಎಂಬತ್ತರ ದಶಕ ಮುಗಿಯುವ ಮೊದಲೇ ಅತ್ತಾವರದ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ಗಂಜಿ ಒಯ್ಯುತ್ತಿದ್ದವಳು ನನ್ನ ಅಮ್ಮ. ವೇದಿಕೆಯವರು ಯಾರೂ ಬರಲಿಲ್ಲ.

ಶ್ರದ್ಧಾಂಜಲಿ ಸಭೆಯನ್ನು ಮಾತ್ರ ವೇದಿಕೆಯೇ ತನ್ನ ಮಹಡಿಯ ಕೋಣೆಯಲ್ಲಿ ಏರ್ಪಡಿಸಿತು. ಅಧ್ಯಕ್ಷರು ಗದ್ಗದ ದನಿಯಲ್ಲಿ "ಅವರು ನಮ್ಮ ಹೋರಾಟದ ಬೆನ್ನೆಲುಬು" ಎಂದರು. ಬೇರೆ ಯಾರಾದರೂ ಮಾತಾಡುವವರಿದ್ದಾರೆಯೇ ಎಂದು ಕೇಳಿದರು. ನಾನು ಹಿಂದಿನ ಸಾಲಿನಿಂದ ಎದ್ದೆ.

"ಅವರನ್ನು ಹೊರಗೆ ಹಾಕಿದ್ದು ನೀವೇ. ಅದನ್ನೂ ಒಂದು ಮಾತು ಹೇಳಿ."

ಯಾರೋ ಕೆಮ್ಮಿದರು. ಅಧ್ಯಕ್ಷರು ನನ್ನ ಕಡೆ ಕನಿಕರದಿಂದ ನೋಡಿ, "ಪಾಪ, ತುಂಬಾ ಬೇಸರದಲ್ಲಿದ್ದಾರೆ" ಎಂದು ಸಭೆಗೆ ತಿಳಿಸಿ, ಎಲ್ಲರೂ ಎದ್ದು ಮೌನ ಆಚರಿಸಬೇಕೆಂದು ಕೇಳಿಕೊಂಡರು. ಕುರ್ಚಿಗಳು ಸರಿದವು, ಎಲ್ಲರೂ ತಲೆ ತಗ್ಗಿಸಿ ನಿಂತರು. ನಾನು ಮೆಟ್ಟಿಲಿಳಿದು ಬಂದೆ. ಅವರ ವಿಷಯದಲ್ಲಿ ಮೌನವಾಗಿರುವುದು ಆ ಜನಕ್ಕೆ ಮೊದಲಿನಿಂದಲೂ ಚೆನ್ನಾಗಿ ರೂಢಿಯಿತ್ತು.