ಎಲೆ ತಡವಾಗಿ ಉದುರಿದ ವರ್ಷ

ಕೆಲವು ವರ್ಷಗಳ ಹಿಂದೆ, ನಿವೃತ್ತಿ ಹತ್ತಿರವಿದ್ದಾಗ, ನಾನು ಚಿಂಚೋಳಿ ಸೀಮೆಯ ಕಾಡಿನಲ್ಲಿ ಅರಣ್ಯಾಧಿಕಾರಿಯಾಗಿದ್ದೆ. ಚಳಿಗಾಲ ಮುಗಿಯುತ್ತಿದ್ದಂತೆ ಇಲ್ಲಿಯ ತೇಗದ ಮರಗಳು ಎಲೆ ಕಳಚಿ ಬೋಳಾಗುತ್ತವೆ. ಬೇಸಿಗೆಯಲ್ಲಿ ಒಳಗಿನ ನೀರು ಉಳಿಸಿಕೊಳ್ಳುವ ಉಪಾಯ ಅದು. ಆ ತರಗೆಲೆಗೆ ಕಿಡಿ ತಾಗಿದರೆ ಬೆಂಕಿ ಹರಡದಿರಲೆಂದು ಕಾಡಿನ ನಡುವೆ ಅಗಲವಾದ ಪಟ್ಟಿಯಲ್ಲಿ ಕಸಕಡ್ಡಿ ಗುಡಿಸಿ ನೆಲ ಬರಿದು ಮಾಡುತ್ತೇವೆ. ಕಡತದಲ್ಲಿ ಅದು ಫೈರ್‌ಲೈನ್, ಊರವರ ಬಾಯಲ್ಲಿ ಬೆಂಕಿ ಗೆರಿ.

ಆ ವರ್ಷ ದೀಪಾವಳಿ ದಾಟಿದರೂ ಮಳೆ ಬಿಡಲಿಲ್ಲ. ನೆಲದಲ್ಲಿ ಹಸಿ ಇರುವ ತನಕ ತೇಗ ಎಲೆ ಬಿಡುವುದಿಲ್ಲ. ನಾವೋ, ರೂಢಿಯಂತೆ ಸಂಕ್ರಾಂತಿಯ ಹೊತ್ತಿಗೆ ಗೆರೆ ಗುಡಿಸಿ ಮುಗಿಸಿದ್ದೆವು. ಶಿವರಾತ್ರಿ ಕಳೆದ ಮೇಲೆ ಮರಗಳು ಒಮ್ಮೆಲೇ ಎಲೆ ಸುರಿದವು, ಗುಡಿಸಿದ ಗೆರೆಯ ಮೇಲೂ. ಮತ್ತೆ ಎಲ್ಲೆಲ್ಲಿ ಗುಡಿಸಬೇಕೆಂದು ನೋಡಲು ವಾಚರ್ ಶರಣಪ್ಪನೊಂದಿಗೆ ಒಂದು ಬೆಳಿಗ್ಗೆ ಹೊರಟೆ.

ಗುಡ್ಡದ ಬುಡಕ್ಕೆ ಬರುವಷ್ಟರಲ್ಲಿ ಹೊಗೆ ಕಂಡಿತು. ಅದರೊಳಗಿಂದ, ಕಾಡಂಚಿನ ಊರಿನಿಂದ ಬೀಡಿ ಎಲೆ ಕೀಳಲು ಬರುವ ಮಲ್ಲಮ್ಮ ಕೆಮ್ಮುತ್ತಾ ಓಡಿಬಂದಳು. ಹಿಂದೆಯೇ ಬೆಂಕಿ. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು, ಹಾರಿದ ಕಿಡಿಗೆ ನಾವು ಬಂದ ದಾರಿಯೂ ಹೊತ್ತಿಕೊಂಡಿತ್ತು.

"ಗುಡ್ಡಾ ಏರೂಣ್ರಿ ಸಾಹೇಬ್ರ!" ಎಂದ ಶರಣಪ್ಪ.

"ಬೆಂಕಿ ನಿನಗಿಂತ ಜೋರ ಏರ್ತದೋ ಹುಚ್ಚಪ್ಪಾ! ಹಳ್ಳಕ್ಕ ಇಳಿ!" ಎಂದು ಅವನ ತೋಳು ಹಿಡಿದೆಳೆದೆ.

ಹಳ್ಳದ ದಂಡೆಯ ನೇರಳೆ ಮರಗಳ ಬೇರಿಗೆ ಆಳದ ನೀರು ಸಿಗುತ್ತದೆ. ಎಲ್ಲ ಬೋಳಾದಾಗಲೂ ಅವು ಹಸಿರಾಗಿರುತ್ತವೆ. ಹಸಿರೆಲೆ ಬೇಗ ಹೊತ್ತುವುದಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ ಮೂವರೂ ಹಸಿ ಮರಳಿನಲ್ಲಿ ಬೋರಲು ಬಿದ್ದೆವು. ಆಚೆ ಬೆಂಕಿ, ಈಚೆಯೂ ಬೆಂಕಿ. ಉಸಿರಿಗೆ ಬರೀ ಹೊಗೆ. ಇಷ್ಟು ವರ್ಷ ಕಾಡಿನಲ್ಲಿ ತಿರುಗಿದರೂ ಅಂಥ ಅಂಜಿಕೆ ನನಗೆ ಎಂದೂ ಆಗಿರಲಿಲ್ಲ. ಶರಣಪ್ಪ ಬಸವಣ್ಣನನ್ನು ಕರೆಯುತ್ತಿದ್ದ, ನಾನೂ ದನಿಗೂಡಿಸಿದೆ. ನೇರಳೆಯ ಹೊರಗಿನ ಎಲೆಗಳು ಸುರುಟಿ ಕಂದಿದವು, ಒಳಗಿನವು ತಡೆದವು.

ಬೆಂಕಿ ಮುಂದೆ ಹೋದರೂ ಸುತ್ತ ಕೆಂಡ; ಸಂಜೆ ತನಕ ಅಲ್ಲಿಯೇ ಸಿಕ್ಕಿಬಿದ್ದೆವು. ಜೀವ ಉಳಿದಿದ್ದೇ ತಡ, ನನಗೆ ಸಿಟ್ಟು ನೆತ್ತಿಗೇರಿತು.

"ಬೆಂಕಿ ಹಚ್ಚಿದಾಕಿ ನೀನೇ ಹೌದಲ್ಲ?"

ಮಲ್ಲಮ್ಮ ಅಳುತ್ತಲೇ ಹೇಳಿದಳು: "ಹೌದ್ರಿ. ಗಿಡದ ಬುಡಾ ಸುಟ್ಟರ ಬೀಡಿ ಎಲಿ ಮೆತ್ತಗ ಚಿಗೀತದ, ವರ್ಷಾ ಹಚ್ತೀವಿ. ಗೆರಿತನಕ ಹೋಗಿ ಆರ್ತದ. ಈ ಸಲಾನೂ ನಿಮ್ಮ ಮಂದಿ ಗೆರಿ ಕಸಾ ಬಳದಿದ್ದು ಕಣ್ಣಾರೆ ನೋಡಿದ್ನಿರಿ. ಅದಕ್ಕ ಧೈರ್ಯಾ ಮಾಡಿದ್ನಿ."

ನಾವು ಗುಡಿಸಿದ ಮೇಲೆ ಗೆರೆಯ ಮೇಲೆ ಬಿದ್ದ ಎಲೆ ಹಿಡಿದೇ ಬೆಂಕಿ ದಾಟಿ ಬಂದಿತ್ತು. ಹಚ್ಚುವುದು ತಪ್ಪೆಂದು ಆಮೇಲೆ ಊರಿಗೇ ಹೋಗಿ ಹೇಳಿದ್ದೂ ಉಂಟು. ಆದರೆ ನಿವೃತ್ತಿಯ ತನಕ ಗೆರೆಯನ್ನು ಹಬ್ಬ ನೋಡಿ ಗುಡಿಸಲಿಲ್ಲ, ಮರ ನೋಡಿ ಗುಡಿಸಿದೆವು. ಕಡೆಯ ತೇಗ ಬೋಳಾಗುವ ತನಕ ಮತ್ತೆ ಮತ್ತೆ. ಅರೆಬರೆ ಕಾವಲು ಕಾವಲೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಅದನ್ನು ನಂಬಿ ಯಾರೋ ಕಡ್ಡಿ ಗೀರುತ್ತಾರೆ.